ಐಸಕ್ಕನ ಎರಡನೇ ಬೀಗ

ಬೆಳಗಿನ ಮೊದಲ ದೋಣಿ ಇನ್ನೂ ಹೊರಟಿಲ್ಲ. ನದಿಗೆ ಬೆನ್ನು ಮಾಡಿ ನಿಂತ ಹೋಟೆಲಿನ ಹಿಂಬಾಗಿಲು ತೆರೆದಿದೆ. ಒಳಗಿನ ಟ್ಯೂಬ್‌ಲೈಟಿನ ಬೆಳಕು ಒದ್ದೆ ನೆಲದ ಮೇಲೆ ಜಾರಿಕೊಂಡು ಹೊಸ್ತಿಲವರೆಗೂ ಬಂದಿದೆ. ಅಡುಗೆಮನೆಯ ಮೂಲೆಯಲ್ಲಿ ಆಳೆತ್ತರದ ಸ್ಟೀಲಿನ ಪೆಟ್ಟಿಗೆಯೊಂದರ ಎದುರು ಐವತ್ತು ದಾಟಿದ ಹೆಂಗಸೊಬ್ಬರು ಸುಮ್ಮನೆ ನಿಂತಿದ್ದಾರೆ. ಸಲಕರಣೆಯ ಚೀಲ ಕಾಲ ಬುಡದಲ್ಲಿದೆ, ಅದರ ಬಾಯಿ ಬಿಚ್ಚಿಲ್ಲ. ಎರಡೂ ಕೈ ಕಂಕುಳಲ್ಲಿ ಮಡಚಿಕೊಂಡಿವೆ. ದೂರದಿಂದ ನೋಡಿದವರಿಗೆ ಚಳಿಗೆ ಮುದುಡಿದಂತೆ ಕಾಣಬೇಕು.

ಅದು ಚಳಿಯಲ್ಲ, ಅವರ ಕೆಲಸದ ಮೊದಲ ಪಾಠ. “ಬಂದ ತಕ್ಷಣ ಕೈ ಕಟ್ಕೋಬೇಕು” ಎನ್ನುತ್ತಾರೆ, ಪೆಟ್ಟಿಗೆಯ ಮೇಲಿನ ಕಣ್ಣು ಕದಲಿಸದೆ. “ಕೈಗೆ ಯಾವಾಗಲೂ ಆತುರ. ಕಣ್ಣು ನೋಡಿ ಮುಗಿಸೋದ್ರೊಳಗೆ ಅದು ಒಳಗೆ ಹೋಗಿಬಿಟ್ಟಿರತ್ತೆ.”

ಪೇಟೆಯ ಹೋಟೆಲು, ಆಸ್ಪತ್ರೆ, ಮೀನಿನ ಅಂಗಡಿ, ಹಣ್ಣಿನ ರಸದ ಅಂಗಡಿಗಳಲ್ಲಿ ಐಸ್ ಮಾಡುವ ದೊಡ್ಡ ಮಿಷನ್ ಕೈಕೊಟ್ಟರೆ ಮೊದಲು ನೆನಪಾಗುವುದು ಇವರು. ಎಲ್ಲರ ಬಾಯಲ್ಲೂ ಐಸಕ್ಕ. ದರ್ಜಿ ಕೆಲಸದ ಗಂಡ ಕೂಡ ಗಿರಾಕಿಗಳ ಮುಂದೆ ಹಾಗೇ ಕರೆಯುತ್ತಾರೆ. “ಊರಿಗೆಲ್ಲ ತಂಪು ಮಾಡ್ತಾಳೆ, ಮನೆಗೆ ಬಂದ್ರೆ ಮಾತ್ರ ಹಬೆ” ಎಂದು ಅವರು ನಕ್ಕರೆ, “ಹಬೆ ಇರೋದಕ್ಕೇ ನಿಮ್ಮ ಇಸ್ತ್ರಿ ನಡೀತಿರೋದು” ಎಂದು ಐಸಕ್ಕ ಅಲ್ಲೇ ಮಡಚಿಡುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಮಿಷನ್. ಸೆಕೆಗಾಲದಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ತಂಪು ಪಾನೀಯದ ಲೋಟದಲ್ಲಿ ಐಸ್ ತೇಲುವಷ್ಟು ಕಾಲ ಅದರ ಹಿಂದೆ ಒಂದು ಜೀವ ಇದೆ ಎಂಬುದು ಯಾರಿಗೂ ನೆನಪಾಗುವುದಿಲ್ಲ. ಅದು ತೇಲದಿದ್ದ ದಿನ ಮಾತ್ರ ಫೋನ್ ಬಡಿದುಕೊಳ್ಳುತ್ತದೆ.

ಇಂದು ಫೋನ್ ಮಾಡಿದ್ದು ಈ ಹೋಟೆಲಿನ ಮ್ಯಾನೇಜರ್. ಎದುರಿಗಿರುವ ಮಿಷನ್ನಿನ ಹೆಸರು ಅಜ್ಜಿ. ಅದರ ವಯಸ್ಸಿನ ಮಿಷನ್ನು ಪೇಟೆಯಲ್ಲಿ ಇನ್ನೊಂದಿಲ್ಲ. ನಾಲ್ಕು ದಿನದಿಂದ ಅಜ್ಜಿ ಐಸ್ ಕಟ್ಟುತ್ತಾಳೆ, ಕೆಳಗೆ ಬೀಳಿಸುವುದಿಲ್ಲ. ಒಳಗಿನ ತಗಡಿಗೆ ಐಸು ಹಲಗೆಯಂತೆ ಅಂಟಿ ಕೂರುತ್ತದೆ. ಸ್ವಲ್ಪ ಹೊತ್ತು ಕಾದು, ಕೆಂಪು ದೀಪ ಹೊತ್ತಿಸಿ, ಅಜ್ಜಿ ಮುನಿಸಿಕೊಂಡು ನಿಂತುಬಿಡುತ್ತಾಳೆ.

ಮ್ಯಾನೇಜರ್ ಒಳ್ಳೆಯ ಮನುಷ್ಯ, ಆದರೆ ನಾಲ್ಕು ದಿನದಿಂದ ಹೊರಗಿನಿಂದ ಐಸ್ ತರಿಸಿ ತರಿಸಿ ಸೋತಿದ್ದಾರೆ. “ಅಕ್ಕ, ಮಧ್ಯಾಹ್ನದೊಳಗೆ ಇದು ಐಸ್ ಹಾಕಿದ್ರೆ ಸರಿ” ಎನ್ನುತ್ತಾರೆ. “ಇಲ್ಲಾಂದ್ರೆ ಗುಜರಿಯವನಿಗೆ ಹೇಳಿದೀನಿ. ಹೊಸ ಮಿಷನ್ನೂ ನೋಡಿಟ್ಟಿದೀನಿ. ಬೇಜಾರು ಮಾಡ್ಕೋಬೇಡಿ.”

“ನಂಗ್ಯಾಕೆ ಬೇಜಾರು, ಮಿಷನ್ ನಿಮ್ಮದು” ಎನ್ನುತ್ತಾರೆ ಐಸಕ್ಕ. ಮ್ಯಾನೇಜರ್ ಅತ್ತ ಹೋದ ಮೇಲೆ, ಅಜ್ಜಿಯ ಪಕ್ಕೆಯ ಮೇಲಿನ ನೀರಿನ ಹನಿಯನ್ನು ಸೆರಗಿನಿಂದ ಒರೆಸಿ, ಮಾತನ್ನು ಮುಂದುವರಿಸುತ್ತಾರೆ. “ನಮ್ಮಣ್ಣಂಗೆ ಗೊತ್ತಿರೋ ಮಿಷನ್ನು ಇದೊಂದೇ ಉಳಿದಿರೋದು. ಮಿಕ್ಕಿದ್ದೆಲ್ಲ ಬದಲಾಗಿಹೋಯ್ತು. ಇದೂ ಹೋದ್ರೆ, ಅವನು ಬಂದಾಗ ಯಾವುದರ ಎದುರು ಹೋಗಿ ನಿಲ್ತಾನೆ?”

ಅಣ್ಣ ಇರುವುದು ಸಮುದ್ರದಾಚೆಯಲ್ಲೇನೂ ಅಲ್ಲ. ಹಿಂಬಾಗಿಲಲ್ಲಿ ನಿಂತು ಕತ್ತೆತ್ತಿದರೆ ನದಿಯ ಆಚೆ ದಡದಲ್ಲಿ ಹಸಿರು ಬಣ್ಣದ ಗೂಡೊಂದು ಕಾಣುತ್ತದೆ. ದೋಣಿಯ ಟಿಕೆಟ್ ಕೌಂಟರ್. ಅದರ ಕಿಂಡಿಯ ಹಿಂದೆ ಎಡಗೈಯಲ್ಲಿ ಟಿಕೆಟ್ ಹರಿದುಕೊಡುವವರೇ ಅಣ್ಣ. ಬೆಳಗಿನಿಂದ ಸಂಜೆಯವರೆಗೆ ಊರವರನ್ನೆಲ್ಲ ಈ ದಡಕ್ಕೆ ಕಳಿಸುತ್ತಾರೆ. ತಾವು ಮಾತ್ರ ದೋಣಿಗೆ ಕಾಲಿಟ್ಟು ಒಂಬತ್ತು ವರ್ಷವಾಗಿದೆ.

ಈ ಕೆಲಸ ಐಸಕ್ಕನಿಗೆ ಅಣ್ಣನಿಂದಲೇ ಬಂದದ್ದು. ತಂದೆ ತೀರಿಕೊಂಡಾಗ ಅಣ್ಣ ಫ್ರಿಜ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು, ತಂಗಿ ಮನೆಯಲ್ಲಿ ಗುಂಡಿ ಕಾಜ ಹೊಲಿಯುತ್ತಿದ್ದಳು. ಒಂದು ದಿನ ಮಿಷನ್ ತೊಳೆಯಲು ಬಕೆಟ್ ಹೊರುವವರು ಬೇಕೆಂದು ಅಣ್ಣ ಕರೆದುಕೊಂಡು ಹೋದರು. ಹಾಗೆ ಬಕೆಟ್ ಹೊತ್ತು ಹೋದವಳು ವಾಪಸು ಗುಂಡಿಯ ಡಬ್ಬಿಗೆ ಬರಲಿಲ್ಲ. “ಅಮ್ಮ ಮೂಗು ಮುರಿದ್ರು. ಹೆಣ್ಣುಮಗಳು ಸ್ಪ್ಯಾನರ್ ಹಿಡಿದ್ರೆ ಯಾರು ಮದುವೆ ಆಗ್ತಾರೆ ಅಂತ. ಅಣ್ಣ ಹೇಳಿದ, ಸೂಜಿ ಹಿಡಿಯೋನು ಯಾರಾದ್ರೂ ಆಗ್ತಾನೆ ಬಿಡಮ್ಮ ಅಂತ. ಬಾಯಿಗೆ ಬಂದ ಹಾಗೆ ಅಂದಿದ್ದು. ನೋಡಿ, ದರ್ಜಿನೇ ಸಿಕ್ಕಿದ್ರು.”

ಅಣ್ಣ ಕಲಿಸಿದ ಕ್ರಮ ಇಂದಿಗೂ ಒಂದಿಷ್ಟೂ ಅದಲುಬದಲಾಗಿಲ್ಲ. ಮೊದಲು ಹೊರಗಿನಿಂದ ನೋಡಬೇಕು, ಕೇಳಬೇಕು. ಐಸ್ ಮಿಷನ್ನಿಗೆ ಬೇಕಾದದ್ದು ಮೂರೇ: ನೀರು, ಗಾಳಿ, ಕರೆಂಟು. ಹತ್ತರಲ್ಲಿ ಎಂಟು ಸಲ ತೊಂದರೆ ಈ ಮೂರರಲ್ಲೇ ಎಲ್ಲೋ ಅಡಗಿ ಕೂತಿರುತ್ತದೆ. ನೀರು ಸೋಸುವ ಫಿಲ್ಟರ್ ಕಟ್ಟಿಕೊಂಡಿದ್ದರೆ ಐಸು ಟೊಳ್ಳಾಗುತ್ತದೆ. ಬಿಸಿ ಹೊರಹಾಕುವ ಜಾಲರಿಗೆ ಧೂಳು, ಹಿಟ್ಟು, ಎಣ್ಣೆಯ ಜಿಡ್ಡು ಮೆತ್ತಿಕೊಂಡರೆ ಮಿಷನ್ನು ಏದುಸಿರು ಬಿಡುತ್ತದೆ. ಇವೆರಡೂ ಸರಿಯಿವೆ ಎಂದಾದರೆ ಮಾತ್ರ ಒಳಗಿನ ಮಾತು.

ಐಸಕ್ಕ ಫಿಲ್ಟರ್ ನೋಡುತ್ತಾರೆ. ಸರಿಯಿದೆ. ಜಾಲರಿಗೆ ಟಾರ್ಚ್ ಬಿಡುತ್ತಾರೆ. ಕಳೆದ ತಿಂಗಳು ತಾವೇ ಉಜ್ಜಿದ್ದು, ಚೊಕ್ಕಟವಿದೆ. ಮಿಷನ್ನಿಗೆ ಮತ್ತೆ ಚಾಲನೆ ಕೊಟ್ಟು, ಕೈಕಟ್ಟಿಕೊಂಡೇ ಕಾಯುತ್ತಾರೆ. ಒಳಗೆ ನೀರು ತಗಡಿನ ಮೇಲೆ ಇಳಿಯುವ ಸದ್ದು ಸಣ್ಣ ಮಳೆಯಂತಿದೆ. ಹೊತ್ತು ಕಳೆದಂತೆ ಆ ಸದ್ದು ದಪ್ಪಗಾಗುತ್ತದೆ, ಐಸು ಕಟ್ಟುತ್ತಿರುವ ಗುರುತು. ಆಮೇಲೆ ‘ಟಕ್’ ಎಂದು ಒಂದು ಶಬ್ದ, ಹಿಂದೆಯೇ ‘ಸುಂಯ್’ ಎಂಬ ನಿಟ್ಟುಸಿರು. ಬಿಸಿ ಅನಿಲ ತಗಡಿನ ಬೆನ್ನಿಗೆ ಹರಿದು, ಐಸನ್ನು ಬಿಡಿಸಿ ಕೆಳಗೆ ಬೀಳಿಸಬೇಕಾದ ಗಳಿಗೆ ಇದು. ಐಸಕ್ಕ ಉಸಿರು ಬಿಗಿಹಿಡಿಯುತ್ತಾರೆ. ಏನೂ ಬೀಳುವುದಿಲ್ಲ. ಕೆಂಪು ದೀಪ ಹೊತ್ತಿಕೊಳ್ಳುತ್ತದೆ.

“ಉಸಿರು ಬಿಡ್ತಿದಾಳೆ, ವಾಲ್ವ್ ಕೆಟ್ಟಿಲ್ಲ” ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ. “ಹಾಗಾದ್ರೆ ಯಾಕೆ ಕೊಡವಿಕೊಳ್ತಿಲ್ಲ?”

ಈಗ ಒಳಗೆ ನೋಡಲೇಬೇಕು. ಒಳಗೆ ನೋಡುವುದಕ್ಕೆ ಮೊದಲು ಐಸಕ್ಕ ಮಾಡುವ ಒಂದು ಕೆಲಸವನ್ನು ಪೇಟೆಯ ಅಡುಗೆಮನೆಗಳೆಲ್ಲ ಬಲ್ಲವು. ಗೋಡೆಯ ಮೇಲಿನ ಸ್ವಿಚ್ ಪೆಟ್ಟಿಗೆಯ ಹಿಡಿಯನ್ನು ಕೆಳಗೆಳೆಯುತ್ತಾರೆ. ಚೀಲದಿಂದ ಸಾಲಾಗಿ ತೂತುಗಳಿರುವ ಕಬ್ಬಿಣದ ಕೊಂಡಿಯೊಂದನ್ನು ತೆಗೆದು ಆ ಹಿಡಿಗೆ ಸಿಕ್ಕಿಸುತ್ತಾರೆ. ಮೊದಲ ತೂತಿಗೆ ಕೆಂಪು ದಾರ ಕಟ್ಟಿದ ಬೀಗ ಹಾಕಿ ಒತ್ತುತ್ತಾರೆ, ಅದರ ಕೀಲಿಯನ್ನು ಕೊರಳಿನ ದಾರಕ್ಕೆ ಪೋಣಿಸಿಕೊಳ್ಳುತ್ತಾರೆ. ಇನ್ನು ಅವರು ಬಂದು ತೆಗೆಯುವವರೆಗೆ ಯಾರೂ ಆ ಸ್ವಿಚ್ ಮೇಲೆತ್ತುವಂತಿಲ್ಲ. ಆಮೇಲೆ ಇನ್ನೊಂದು ಬೀಗ ತೆಗೆಯುತ್ತಾರೆ. ಹಿತ್ತಾಳೆಯದು, ಹಳೆಯದು, ನೀಲಿ ದಾರದ್ದು. ಅದನ್ನು ಎರಡನೇ ತೂತಿಗೆ ತೂಗುಹಾಕುತ್ತಾರೆ, ಆದರೆ ಒತ್ತಿ ಮುಚ್ಚುವುದಿಲ್ಲ. ಅದು ಬಾಯಿ ತೆರೆದುಕೊಂಡೇ ನೇತಾಡುತ್ತದೆ.

ಅದು ಅಣ್ಣನ ಬೀಗ. ಕೀಲಿ ಆಚೆ ದಡದಲ್ಲಿದೆ.

ಒಂಬತ್ತು ವರ್ಷದ ಹಿಂದೆ, ಇದೇ ಅಡುಗೆಮನೆಯಲ್ಲಿ, ಇದೇ ಅಜ್ಜಿಯ ಎದುರು ಅಣ್ಣ ಕೂತಿದ್ದರು. ಕೆಳಗಿನ ತೊಟ್ಟಿ ತುಂಬ ಐಸಿತ್ತು. ತೊಟ್ಟಿ ತುಂಬಿದರೆ ಮಿಷನ್ನು ತಾನಾಗಿಯೇ ನಿಲ್ಲುತ್ತದೆ, ಖಾಲಿಯಾದರೆ ತಾನಾಗಿಯೇ ಏಳುತ್ತದೆ. ಅಣ್ಣನಿಗೆ ಇದು ತಿಳಿಯದ್ದಲ್ಲ, ಇತರರಿಗೆ ಕಲಿಸಿದ್ದೇ ಅವರು. ಆದರೆ ಆ ದಿನ ಮಿಷನ್ನು ಎಷ್ಟು ಸದ್ದಿಲ್ಲದೆ ನಿಂತಿತ್ತೆಂದರೆ, ಅದು ಆಫ್ ಆಗಿದೆ ಎಂದೇ ಅವರ ಕೈ ನಂಬಿಬಿಟ್ಟಿತು. ಫ್ಯಾನಿನ ರೆಕ್ಕೆಯ ಜಿಡ್ಡು ಒರೆಸಲು ಬೆರಳು ಒಳಗೆ ಹೋಯಿತು. ಅದೇ ಹೊತ್ತಿಗೆ ಹೊಸದಾಗಿ ಸೇರಿದ್ದ ಮಾಣಿಯೊಬ್ಬ ಬಕೆಟ್ ಹಿಡಿದು ಬಂದು, ತೊಟ್ಟಿಯಿಂದ ಐಸ್ ಬಗೆದುಕೊಂಡ. ಒಳಗೆ ಜಾಗವಾಯಿತು. ಅಜ್ಜಿ ಎದ್ದಳು. ಅಣ್ಣನ ಬಲಗೈಯ ಎರಡು ಬೆರಳು ಹೋದವು.

“ಸುಮ್ಮನಿರೋದು ಬೇರೆ, ಆಫ್ ಆಗಿರೋದು ಬೇರೆ” ಎನ್ನುತ್ತಾರೆ ಐಸಕ್ಕ. “ಈ ಕೆಲಸದಲ್ಲಿ ಅಷ್ಟು ಗೊತ್ತಿದ್ರೆ ಅರ್ಧ ಗೊತ್ತಿದ್ದ ಹಾಗೆ. ಗೊತ್ತಿದ್ದೋನಿಗೇ ಹಾಗಾಯ್ತು.”

ಬೆರಳಿನ ಕಟ್ಟು ಬಿಚ್ಚುವ ಮೊದಲೇ ಅಣ್ಣ ಕಬ್ಬಿಣದ ಅಂಗಡಿಗೆ ಹೋಗಿ ಎರಡು ಬೀಗ ತಂದರು. ಒಂದು ತಮಗೆ, ಒಂದು ತಂಗಿಗೆ. ಇನ್ನು ಮೇಲೆ ಇಬ್ಬರ ಬೀಗವೂ ಬಿಚ್ಚಿದ ಹೊರತು ಕರೆಂಟ್ ಬರಬಾರದು, ಒಬ್ಬರ ಬೀಗಕ್ಕೆ ಇನ್ನೊಬ್ಬರು ಕೈ ಹಾಕಬಾರದು ಎಂದು ಕಟ್ಟುಮಾಡಿದರು. ಫ್ಯಾನಿಗೆ ಕಂಬಿಯ ಬಲೆ ಹಾಕಿಸಿದರು. ಕೆಲವು ವಾರ ಹಾಗೇ ನಡೆಯಿತು. ಆದರೆ ಪ್ರತಿ ಸಲ ಬೀಗ ಬಿಚ್ಚಿ ಸ್ವಿಚ್ ಹಾಕಿ, ಫ್ಯಾನ್ ‘ಗುರ್’ ಎಂದು ಏಳುವಾಗ ಅಣ್ಣನ ಮುಖ ಬಿಳಿಚಿಕೊಳ್ಳುತ್ತಿತ್ತು. ಇಲ್ಲದ ಬೆರಳು ನೋಯುತ್ತಿತ್ತು. ಒಂದು ಬೆಳಿಗ್ಗೆ, ಈ ಅಡುಗೆಮನೆಯಲ್ಲೇ, ಕೆಲಸ ಮುಗಿದ ಮೇಲೆ ಅಣ್ಣ ತಮ್ಮ ಬೀಗ ಬಿಚ್ಚಿದರು. ಅದನ್ನು ಕೊಂಡಿಯಲ್ಲೇ ಬಿಟ್ಟು, ಕೀಲಿಯನ್ನು ಜೇಬಿಗೆ ಹಾಕಿಕೊಂಡು, “ಸ್ವಲ್ಪ ಗಾಳಿ ಕುಡ್ಕೊಂಡು ಬರ್ತೀನಿ ಪುಟ್ಟಿ” ಎಂದು ಹಿಂಬಾಗಿಲಿಂದ ಮೆಟ್ಟಿಲಿಳಿದು ದೋಣಿ ಹತ್ತಿದರು.

“ಬರ್ತೀನಿ ಅಂದಿದಾನೆ” ಎನ್ನುತ್ತಾರೆ ಐಸಕ್ಕ. “ಬರಲ್ಲ ಅಂತ ಇವತ್ತಿನವರೆಗೂ ಅಂದಿಲ್ಲ.”

ಅಣ್ಣತಂಗಿಯರ ನಡುವೆ ಮುನಿಸಿಲ್ಲ, ಮಾತು ಬಿಟ್ಟಿಲ್ಲ. ರಜೆಯ ದಿನ ಐಸಕ್ಕ ಗಂಡನನ್ನೂ ಹೊರಡಿಸಿಕೊಂಡು ನದಿ ದಾಟುತ್ತಾರೆ. ಟಿಕೆಟ್ಟಿನ ಕಿಂಡಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಇಡೀ ವಾರದ ಮಿಷನ್ನುಗಳ ಸುದ್ದಿ ಹೇಳುತ್ತಾರೆ. “ನನಗ್ಯಾಕೆ ಇದೆಲ್ಲ” ಎಂದು ಅಣ್ಣ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಆದರೆ ಹಾಳೆ ತಿರುವುವುದಿಲ್ಲ. “ಆಸ್ಪತ್ರೆದು ಹೇಗಿದೆ?” ಎಂದು ಪೇಪರಿನ ಹಿಂದಿನಿಂದಲೇ ಕೇಳುತ್ತಾರೆ. ಅತ್ತಿಗೆಗೆ ಇದನ್ನು ಕಂಡರೆ ನಗು. “ನಿಮ್ಮಣ್ಣನ ಕಣ್ಣು ಭಾನುವಾರದ ಪುರವಣಿ ಮೇಲೆ, ಪದಬಂಧದಿಂದ ಹಿಡಿದು ಬೂಟಿನ ಜಾಹೀರಾತಿನ ತನಕ ಒಂದಕ್ಷರ ಬಿಡಲ್ಲ. ಕಿವಿ ಮಾತ್ರ ಆ ದಡದಲ್ಲಿ” ಎನ್ನುತ್ತಾರೆ. ಐಸಕ್ಕ ಹೊರಡುವಾಗ ದೋಣಿಯ ಹಲಗೆಯವರೆಗೂ ಅಣ್ಣ ಬರುತ್ತಾರೆ. ಹಲಗೆಯ ಮೇಲೆ ಕಾಲಿಡುವುದಿಲ್ಲ.

ಬೀಗ ಹಾಕಿದ್ದಾಯಿತು. ಆದರೂ ಐಸಕ್ಕ ನಂಬುವವರಲ್ಲ. ಕೈಯಲ್ಲಿನ ಟೆಸ್ಟರನ್ನು ಮೊದಲು ಕರೆಂಟ್ ಇರುವ ಪಕ್ಕದ ಪ್ಲಗ್ಗಿಗೆ ಹಿಡಿದು, ಅದು ಸುಳ್ಳು ಹೇಳುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಮಿಷನ್ನಿನ ತಂತಿಗೆ. ಮತ್ತೆ ಪ್ಲಗ್ಗಿಗೆ. ನೀರಿನ ನಲ್ಲಿ ಮುಚ್ಚುತ್ತಾರೆ. ಕಾಲಡಿಯ ಒದ್ದೆಯನ್ನು ಒರೆಸಿ ರಬ್ಬರ್ ಹಾಸು ಹಾಸುತ್ತಾರೆ. ಆಮೇಲೆ ಕೈಗವಸು. ಅನಿಲ ತುಂಬಿದ ಕೊಳವೆಗಳ ತಂಟೆಗೆ ಹೋಗುವುದಿಲ್ಲ. ಅದಕ್ಕೆ ಬೇರೆ ಪರವಾನಗಿ, ಬೇರೆ ಸಲಕರಣೆ ಬೇಕು. “ನಂದಲ್ಲದ ಕಡೆ ನಾನು ಕೈ ಹಾಕಲ್ಲ. ಹತ್ತು ಬೆರಳಲ್ಲೇ ಮನೆಗೆ ಹೋಗ್ಬೇಕು, ಅಷ್ಟೇ.”

ಇಷ್ಟರಲ್ಲಿ ಈ ಅಡುಗೆಮನೆಯಲ್ಲಿ ಮಾತ್ರ ಕಾಣುವ ಇನ್ನೊಂದು ದೃಶ್ಯ. ಬಾಣಸಿಗ ಒಂದು ಕುರ್ಚಿ ಎಳೆದುಕೊಂಡು ಬಂದು ಐಸಿನ ತೊಟ್ಟಿಯ ಬಾಗಿಲಿಗೆ ಅಡ್ಡ ಹಾಕಿ, ಈರುಳ್ಳಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹೆಚ್ಚಲು ಕೂರುತ್ತಾರೆ. ತೊಟ್ಟಿಯಲ್ಲಿ ಐಸಿಲ್ಲ, ಮಿಷನ್ನಿಗೆ ಕರೆಂಟಿಲ್ಲ, ಸ್ವಿಚ್ಚಿಗೆ ಬೀಗ ಬಿದ್ದಿದೆ. ಆದರೂ ಕೂರುತ್ತಾರೆ. ಒಂಬತ್ತು ವರ್ಷದ ಹಿಂದೆ ಬಕೆಟ್ ಹಿಡಿದು ಬಂದಿದ್ದ ಆ ಮಾಣಿ ಇವರೇ.

“ಏನಪ್ಪಾ, ಐಸಿಲ್ಲದ ತೊಟ್ಟಿಗೂ ಕಾವಲಾ?” ಎಂದು ಪಾತ್ರೆ ತೊಳೆಯುವವರು ಕಾಲೆಳೆಯುತ್ತಾರೆ.

“ಈರುಳ್ಳಿ ಹೆಚ್ಚೋಕೆ ಇಲ್ಲಿ ಗಾಳಿ ಚೆನ್ನಾಗಿದೆ” ಎನ್ನುತ್ತಾರೆ ಬಾಣಸಿಗ. ಗಾಳಿ ಎಲ್ಲಿಂದಲೂ ಬರುತ್ತಿಲ್ಲ. ಐಸಕ್ಕ ತಮ್ಮ ಟಾರ್ಚನ್ನು ಅವರ ಕೈಗೆ ಕೊಟ್ಟು, “ಇಲ್ಲಿ ಬಿಡು ಬೆಳಕು” ಎನ್ನುತ್ತಾರೆ.

ಮುಂದಿನ ತಗಡು ಬಿಚ್ಚಿದರೆ ಒಳಗೆ ಐಸಿನ ಹಲಗೆ ಹೊಳೆಯುತ್ತದೆ. ಎಡಬದಿಗೆ ಹೆಬ್ಬೆರಳಿನಷ್ಟು ದಪ್ಪ, ಬಲಬದಿಗೆ ಬಿಸ್ಕತ್ತಿನಷ್ಟು ತೆಳು. ಯಾರೋ ಚಾಕು ಹಾಕಿ ಮೀಟಿದ ಗೀರೂ ಇದೆ. “ಚಾಕು ಯಾರು ಹಾಕಿದ್ದು?” ಎಂದರೆ ಎಲ್ಲರೂ ತಂತಮ್ಮ ಪಾತ್ರೆಗೆ ಬಗ್ಗುತ್ತಾರೆ. “ಹಾಕಿದೋರು ಕೇಳಿಸ್ಕೊಳ್ಳಿ. ತಗಡು ಗೀರಿದ್ರೆ ಐಸು ಇನ್ನೂ ಗಟ್ಟಿಯಾಗಿ ಕಚ್ಕೊಳ್ಳತ್ತೆ. ಬಿಡಿಸೋಕೆ ಹೋಗಿ ಅಂಟಿಸಿದ ಹಾಗೆ.” ಬೆಚ್ಚಗಿನ ನೀರು ಹುಯ್ದು ಹಲಗೆಯನ್ನು ಬಿಡಿಸುತ್ತಾರೆ. ಗೀರಿನ ಮೇಲೆ ಬೆರಳಾಡಿಸಿ, “ಇದು ಮೇಲುಮೇಲಿನದು, ಇದರಿಂದ ಅಲ್ಲ” ಎಂದು ತಲೆಯಾಡಿಸುತ್ತಾರೆ. ಐಸಿನ ದಪ್ಪ ಅಳೆಯುವ ಕಡ್ಡಿಯನ್ನು ಒರೆಸಿ ನೋಡುತ್ತಾರೆ. ನೀರು ಹರಡುವ ಕೊಳವೆಯ ತೂತುಗಳನ್ನು ಒಂದೊಂದಾಗಿ ಊದುತ್ತಾರೆ. ಎಲ್ಲವೂ ಸರಿಯಿದೆ. ಎಲ್ಲವೂ ಸರಿಯಿದ್ದು ಮಿಷನ್ನು ಕೆಟ್ಟಿದ್ದರೆ ಅದಕ್ಕಿಂತ ಕಷ್ಟವಿಲ್ಲ. ಐಸಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಡುತ್ತಾರೆ.

ಹಿಂಬಾಗಿಲ ಆಚೆ ಬಿಸಿಲು ಏರಿದೆ. ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿ, ಗಡಿಯಾರ ನೋಡಿ ಹೋಗುತ್ತಾರೆ.

ಐಸಕ್ಕ ಕೈಗವಸು ಕಳಚಿ ಫೋನ್ ತೆಗೆಯುತ್ತಾರೆ. ದೋಣಿ ಈ ದಡದಲ್ಲಿ ನಿಂತಿರುವುದನ್ನು ಬಾಗಿಲಿಂದ ನೋಡಿಕೊಳ್ಳುತ್ತಾರೆ. ದೋಣಿ ಇತ್ತ ಇದ್ದರೆ ಅಣ್ಣನಿಗೆ ಬಿಡುವು.

“ಅಣ್ಣಾ, ಅಜ್ಜಿ ಹಠ ಮಾಡ್ತಿದಾಳೆ.”

“ಬೀಗ ಹಾಕಿದ್ಯಾ?” ಎಂದು ಆ ಕಡೆಯ ದನಿ. ಅಣ್ಣ ಯಾವತ್ತೂ ಕೇಳುವ ಮೊದಲ ಪ್ರಶ್ನೆ ಅದು.

“ಹಾಕಿದೀನಿ. ಉಸಿರು ಬಿಡ್ತಾಳೆ, ಐಸು ಬಿಡಲ್ಲ. ಎಡಗಡೆ ದಪ್ಪ, ಬಲಗಡೆ ತೆಳು. ಒಳಗೆ ಎಲ್ಲ ನೋಡ್ದೆ.”

“ಒಳಗೆ ನೋಡ್ದೆ. ಕೆಳಗೆ?”

“ಕೆಳಗೆ ಏನಿದೆ, ನೆಲ.”

“ನೆಲ ಏನಾದ್ರೂ ಮಾಡಿಸಿದ್ರಾ?”

ಐಸಕ್ಕ ಕಾಲಡಿಗೆ ನೋಡುತ್ತಾರೆ. ರಬ್ಬರ್ ಹಾಸಿನ ಅಂಚಿನಿಂದಾಚೆ ಹೊಳೆಯುವ ಬೂದು ಬಣ್ಣದ ಟೈಲ್ಸು. ಬೆಳಗಿನಿಂದ ಅದರ ಮೇಲೇ ನಿಂತಿದ್ದಾರೆ. “ಹೊಸ ಟೈಲ್ಸು” ಎನ್ನುತ್ತಾರೆ, ದನಿ ಇಳಿಸಿ.

“ಲೋಟ ಇಡು ಪುಟ್ಟಿ” ಎನ್ನುತ್ತಾರೆ ಅಣ್ಣ. ಅತ್ತ ಯಾರೋ ಟಿಕೆಟ್ ಕೇಳಿದ ಸದ್ದು, ಫೋನ್ ಇಟ್ಟ ಸದ್ದು.

ಗಾಜಿನ ಲೋಟದಲ್ಲಿ ನೀರು ತುಂಬಿ ಮಿಷನ್ನಿನ ನೆತ್ತಿಯ ಮೇಲಿಟ್ಟು ನೋಡುವುದು ಅಣ್ಣನ ಹಳೆಯ ರೂಢಿ. ಐಸಕ್ಕನ ಚೀಲದಲ್ಲಿ ಸಮತಟ್ಟು ಅಳೆಯುವ ಗುಳ್ಳೆಕಡ್ಡಿ ಇದೆ. ಆದರೂ ಅವರು ಲೋಟವನ್ನೇ ತರಿಸುತ್ತಾರೆ, ಅಂಚಿನವರೆಗೆ ನೀರು ತುಂಬಿ ಮೇಲಿಡುತ್ತಾರೆ. ಬಾಣಸಿಗ ಈರುಳ್ಳಿ ಬಿಟ್ಟು ಎದ್ದು ನಿಲ್ಲುತ್ತಾರೆ. ನೀರು ಎಡಕ್ಕೂ ಹಿಂದಕ್ಕೂ ವಾಲಿ, ಲೋಟದ ತುಟಿಯಿಂದ ಒಂದು ಗೆರೆಯಾಗಿ ಇಳಿಯುತ್ತದೆ. ಟೈಲ್ಸ್ ಹಾಕಿದವರು ಅಜ್ಜಿಯನ್ನು ಸರಿಸಿ, ವಾಪಸು ಇಡುವಾಗ ಹಿಂದಿನ ಎಡಗಾಲನ್ನು ಹಳೆಯ ನೆಲದ ತಗ್ಗಿನಲ್ಲೇ ಬಿಟ್ಟಿದ್ದಾರೆ. ಅಜ್ಜಿ ಬೆನ್ನು ಹಿಂದಕ್ಕೆ ಹಾಕಿ ಕೂತಿದ್ದಾಳೆ. ನೀರೆಲ್ಲ ಒಂದೇ ಬದಿಗೆ ಹರಿದು ಐಸು ಅಲ್ಲೇ ದಪ್ಪಗಟ್ಟುತ್ತಿದೆ. ಮುಂದಕ್ಕೆ ಜಾರಿ ಬೀಳಬೇಕಾದದ್ದು ತಗಡಿಗೇ ಒರಗಿಕೊಂಡಿದೆ.

“ಪಾಪ ಮುದುಕಿ, ಕಾಲಡಿ ನೆಲ ತಪ್ಪಿದೆ. ನಾನು ಹೊಟ್ಟೆ ಬಗೆದು ನೋಡ್ತಿದೀನಿ” ಎಂದು ಐಸಕ್ಕ ನಗುತ್ತಾರೆ. ಬೆಳಗಿನಿಂದ ಮೊದಲ ಸಲದ ನಗು.

ಆಮೇಲಿನ ಕೆಲಸಕ್ಕೆ ತಲೆಗಿಂತ ಬೆನ್ನು ಮುಖ್ಯ. ಬಾಣಸಿಗ ಮರದ ತೊಲೆ ಕೊಟ್ಟು ಅಜ್ಜಿಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತಾರೆ. ಐಸಕ್ಕ ಅಡಿಗೆ ಕೈ ಹಾಕದೆ, ಉದ್ದ ಹಿಡಿಯ ಸ್ಪ್ಯಾನರಿನಿಂದ ಕಾಲಿನ ತಿರುಪನ್ನು ತಿರುಗಿಸುತ್ತಾರೆ. ಸ್ವಲ್ಪ ತಿರುಗಿಸುವುದು, ಲೋಟ ನೋಡುವುದು. ಮತ್ತೆ ಸ್ವಲ್ಪ, ಮತ್ತೆ ಲೋಟ. ಕೊನೆಗೆ ನೀರು ಅಂಚಿನುದ್ದಕ್ಕೂ ಒಂದೇ ಸಮ ನಿಲ್ಲುತ್ತದೆ, ಉಸಿರು ತಾಗಿದರೆ ಮಾತ್ರ ನಡುಗುತ್ತದೆ.

ಒಳಗೆ ಬಿಚ್ಚಿದ್ದಾಗಿದೆ, ತೊಳೆಯದೆ ಮುಚ್ಚಲು ಐಸಕ್ಕನಿಗೆ ಮನಸ್ಸಿಲ್ಲ. ಮುಂದಿನ ತಗಡು ಮುಚ್ಚಿ, ತಮ್ಮ ಬೀಗ ಬಿಚ್ಚಿ, ಕೊಂಡಿಯನ್ನು ಕಳಚಿ ಪಕ್ಕಕ್ಕೆ ತೂಗುಹಾಕಿ, ಸ್ವಿಚ್ ಮೇಲೆತ್ತಿ, ನಲ್ಲಿ ಬಿಟ್ಟು, ಅಜ್ಜಿಗೆ ನೀರನ್ನು ಮಾತ್ರ ಓಡಿಸಲು ಹೇಳುತ್ತಾರೆ. ಮೊದಲು ಸುಣ್ಣದ ಪೊರೆ ಕರಗಿಸುವ ಹುಳಿ ಔಷಧಿ. ಅದು ಪೂರ್ತಿ ಹೋಗುವವರೆಗೆ ಬರೀ ನೀರು. ಅದಾದ ಮೇಲೆ, ಬೇರೆಯಾಗಿ, ಕ್ರಿಮಿ ಕೊಲ್ಲುವ ಔಷಧಿ. ಮತ್ತೆ ಬರೀ ನೀರು. ಎರಡು ಬಾಟಲಿಗಳನ್ನು ಅವರು ಚೀಲದ ಎರಡು ಬೇರೆ ಜೇಬಿನಲ್ಲಿಡುತ್ತಾರೆ. “ಇವೆರಡು ಅತ್ತೆ ಸೊಸೆ ಇದ್ದ ಹಾಗೆ. ಒಬ್ಬೊಬ್ಬರೇ ಬಂದ್ರೆ ಮನೆ ಚೊಕ್ಕಟ. ಒಂದೇ ಪಾತ್ರೆಗೆ ಬಿದ್ರೆ ಬರೋ ಹೊಗೆಗೆ ಉಸಿರು ಕಟ್ಟತ್ತೆ. ತಮಾಷೆ ಅಲ್ಲ, ಜೀವಾನೇ ಹೋಗ್ಬಹುದು.”

ಕೊನೆಗೆ ಐಸಿಗೆ ಬಿಡುತ್ತಾರೆ. ಮತ್ತೆ ಕೈಕಟ್ಟಿ ನಿಲ್ಲುತ್ತಾರೆ. ಅಡುಗೆಮನೆಯ ಗದ್ದಲವೂ ತಗ್ಗಿದೆ. ಮ್ಯಾನೇಜರ್ ಬಂದು ಗೋಡೆಗೊರಗಿದ್ದಾರೆ, ಫೋನ್ ಕೈಯಲ್ಲೇ ಇದೆ. ಸಣ್ಣ ಮಳೆಯ ಸದ್ದು ದಪ್ಪವಾಗುತ್ತದೆ. ‘ಟಕ್’. ‘ಸುಂಯ್’. ಆಮೇಲೆ ಏನೂ ಇಲ್ಲ. ಬಾಣಸಿಗ ಕಣ್ಣು ಮುಚ್ಚುತ್ತಾರೆ. ಅಷ್ಟರಲ್ಲಿ ಇಡೀ ಹಲಗೆ ತಗಡನ್ನು ಬಿಟ್ಟು, ಗಾಜಿನ ಬಳೆಯ ಮಲಾರ ಕೈಜಾರಿದಂತೆ, ತೊಟ್ಟಿಗೆ ಬಂದು ಬೀಳುತ್ತದೆ.

“ಗುಜರಿಯವನಿಗೆ ಫೋನ್ ಮಾಡ್ತೀರಾ?” ಎಂದು ಐಸಕ್ಕ ಕೇಳುತ್ತಾರೆ, ಮುಖದಲ್ಲಿ ನಗು ತೋರಿಸದೆ.

“ಮಾಡ್ಲೇಬೇಕಲ್ಲ ಅಕ್ಕ, ಬರಬೇಡ ಅನ್ನೋಕೆ” ಎನ್ನುತ್ತಾರೆ ಮ್ಯಾನೇಜರ್. “ಈ ಸೆಕೆಗಾಲ ಕಳೀಲಿ. ಮುಂದಿನದು ಮುಂದೆ ನೋಡೋಣ.” ಅವರ ಕಣ್ಣು ಸ್ವಿಚ್ ಪೆಟ್ಟಿಗೆಯ ಹತ್ತಿರ ತೂಗುವ ಹಿತ್ತಾಳೆಯ ಬೀಗದ ಮೇಲೆ ನಿಲ್ಲುತ್ತದೆ. “ನಾನೊಂದು ಹೇಳ್ಲಾ? ಒಂದಿನ ಆ ಬೀಗಾನ ಒತ್ತಿಬಿಡಿ. ಕೀಲಿ ಅವರ ಹತ್ರ ತಾನೇ ಇರೋದು? ತೆಗೆಯೋಕೆ ಅವರೇ ಬರ್ಬೇಕಾಗತ್ತೆ.”

ಐಸಕ್ಕನಿಗೆ ಈ ಮಾತು ಹೊಸದಲ್ಲ. ಗಂಡ ಹೇಳಿದ್ದಾರೆ, ಅತ್ತಿಗೆಯೂ ಹೇಳಿದ್ದಾರೆ. ಒಂದೆರಡು ಸಲ ಅವರ ಹೆಬ್ಬೆರಳೇ ಬೀಗದ ಮೇಲೆ ಹೋಗಿ ಕೂತದ್ದಿದೆ. “ಒತ್ತಿದ್ರೆ ಬಂದೇ ಬರ್ತಾನೆ, ಅನುಮಾನ ಇಲ್ಲ” ಎನ್ನುತ್ತಾರೆ. “ಆದ್ರೆ ಅದು ನಾನು ಎಳ್ಕೊಂಡು ಬಂದ ಹಾಗೆ. ಅವನ ಬೀಗ ಮುಚ್ಚೋದು ಅವನ ಕೈ. ಇನ್ನೊಬ್ಬರ ಬೀಗಕ್ಕೆ ಕೈ ಹಾಕಬಾರದು ಅಂತ ಕಟ್ಟುಮಾಡಿದೋನೇ ಅವನು. ನಾನೇ ಮುರಿದ್ರೆ ಹೇಗೆ?”

ತೊಳೆದ ಮೇಲಿನ ಮೊದಲ ಐಸನ್ನು ಯಾರೂ ಬಾಯಿಗೆ ಹಾಕುವಂತಿಲ್ಲ. ಔಷಧಿಯ ವಾಸನೆ ಎಲ್ಲೋ ಒಂದಿಷ್ಟು ಉಳಿದಿರುತ್ತದೆ, ಅದನ್ನು ಚೆಲ್ಲಬೇಕು. ಬೇರೆ ಕಡೆಗಳಲ್ಲಿ ಐಸಕ್ಕ ಅದನ್ನು ತೊಳೆಯುವ ತೊಟ್ಟಿಗೆ ಸುರಿಯುತ್ತಾರೆ. ಇಲ್ಲಿ ಮಾತ್ರ ಬಕೆಟ್ಟಿಗೆ ತುಂಬಿಕೊಂಡು ಹಿಂಬಾಗಿಲಿಗೆ ಬರುತ್ತಾರೆ. ಹೊರಗೆ ಚರಂಡಿಗೆ ಇಳಿಜಾರಾದ ಅಗಲವಾದ ಕಲ್ಲುಕಟ್ಟೆ ಇದೆ. ನದಿಗೆ ಒಂದು ತುಣುಕೂ ಬೀಳದಂತೆ ನೋಡಿಕೊಂಡು, ಬಕೆಟ್ ಬೋರಲು ಹಾಕುತ್ತಾರೆ. ಏರುಬಿಸಿಲಿಗೆ ಕಟ್ಟೆಯುದ್ದಕ್ಕೂ ಬೆಳ್ಳಿ ಚೆಲ್ಲಿದಂತಾಗುತ್ತದೆ. ಆಚೆ ದಡಕ್ಕೂ ಕಾಣುವಷ್ಟು ಬಿಳುಪು.

ಐಸಕ್ಕ ಖಾಲಿ ಬಕೆಟ್ ಹಿಡಿದು ಅಲ್ಲೇ ನಿಲ್ಲುತ್ತಾರೆ. ಹಸಿರು ಗೂಡಿನಲ್ಲಿ ಕಿಂಡಿಯ ಕದ ತೆರೆದಿದೆ, ಒಳಗೆ ಕತ್ತಲೆ, ಮುಖ ಕಾಣುವಷ್ಟು ಹತ್ತಿರವಲ್ಲ. ಐಸು ಅಂಚಿನಿಂದ ಕರಗುತ್ತಾ ಬರುತ್ತದೆ. ಅವರ ಫೋನ್ ಬಡಿದುಕೊಳ್ಳುತ್ತದೆ.

“ಬಿಳಿ ಕಾಣ್ತು” ಎನ್ನುತ್ತದೆ ಆಚೆಯ ದನಿ.

“ಕಾಲು ತಗ್ಗಿಗೆ ಬಿಟ್ಟಿದ್ರು ಅಣ್ಣ. ನೀನು ಹೇಳಿದ್ದೇ ಸರಿ.”

“ನಾನೇನು ಹೇಳ್ದೆ. ಲೋಟ ಹೇಳಿದ್ದು. ಬೆರಳೆಲ್ಲ ಇದೆಯಾ?”

“ಇದೆ. ಎಣಿಸ್ಲಾ?”

ಅಣ್ಣ ನಗುತ್ತಾರೆ. ದೋಣಿ ಅತ್ತ ತಲುಪುತ್ತಿದೆ, ಫೋನಿನಲ್ಲೂ ನದಿಯ ಮೇಲಿಂದಲೂ ಅದರ ಗಂಟೆ ಒಟ್ಟಿಗೆ ಕೇಳುತ್ತದೆ. ಇಲ್ಲಿಗೆ ಮಾತು ಮುಗಿಯುವುದು ವಾಡಿಕೆ. ಇಂದು ಅಣ್ಣ ಫೋನ್ ಇಡುವುದಿಲ್ಲ. ಗಂಟೆ ನಿಂತ ಮೇಲೆ, ಯಾರದೋ ವಿಷಯ ವಿಚಾರಿಸುವವರಂತೆ ಕೇಳುತ್ತಾರೆ: “ನನ್ ಬೀಗ ಇನ್ನೂ ಇಟ್ಕೊಂಡಿದೀಯಾ?”

ಒಂಬತ್ತು ವರ್ಷದಲ್ಲಿ ಈ ಪ್ರಶ್ನೆ ಬಂದದ್ದು ಇದೇ ಮೊದಲು. ಐಸಕ್ಕ ಬಕೆಟ್ಟನ್ನು ಕಟ್ಟೆಯ ಮೇಲಿಡುತ್ತಾರೆ. “ಇದೆ” ಎನ್ನುತ್ತಾರೆ. ಅಷ್ಟೇ ಬರುತ್ತದೆ. ಅತ್ತ ಜನ ದೋಣಿಯಿಂದಿಳಿದ ಗದ್ದಲ, “ಬಂದೆ, ಬಂದೆ” ಎನ್ನುವ ಅಣ್ಣನ ದನಿ. ಅದು ಯಾರಿಗೆ ಹೇಳಿದ್ದೋ ತಿಳಿಯುವ ಮೊದಲೇ ಫೋನ್ ನಿಲ್ಲುತ್ತದೆ.

ಒಳಗೆ ಬಂದು ಐಸಕ್ಕ ಸಾಮಾನು ಜೋಡಿಸುತ್ತಾರೆ. ಗುಜರಿಗೆ ಹೋಗದೆ ಉಳಿದ ಅಜ್ಜಿ ಎರಡನೆಯ ಹಲಗೆ ಕಟ್ಟುತ್ತಿದ್ದಾಳೆ. ಇನ್ನು ಆಸ್ಪತ್ರೆಯ ಮಿಷನ್ನು, ಅದರ ನಂತರ ಮೀನಂಗಡಿಯದು. ಕೊಂಡಿಯಿಂದ ಹಿತ್ತಾಳೆಯ ಬೀಗ ತೆಗೆದು ಅಂಗೈಯಲ್ಲಿಟ್ಟುಕೊಳ್ಳುತ್ತಾರೆ. ಚೀಲದ ಮೂಲೆಯಿಂದ ಗಂಡನ ಹೊಲಿಗೆ ಮಿಷನ್ನಿನ ಎಣ್ಣೆಯ ಪುಟ್ಟ ಡಬ್ಬಿ ತೆಗೆದು, ಬೀಗದ ಬಾಯಿಗೆ ಒಂದು ಹನಿ ಬಿಟ್ಟು, ಕೊಕ್ಕೆಯನ್ನು ಅತ್ತಿತ್ತ ತಿರುಗಿಸಿ ನೋಡುತ್ತಾರೆ. ಅದು ಸದ್ದಿಲ್ಲದೆ ತಿರುಗುತ್ತದೆ.

ಪೇಪರಿನಲ್ಲಿ ತಮ್ಮ ಬಗ್ಗೆ ಬರುತ್ತದೆ ಎಂದಾಗ ಐಸಕ್ಕ ಮೊದಲು ಬೇಡವೆಂದಿದ್ದರು. ಫೋಟೊ ಈಗಲೂ ಬೇಡ. ಹೊಗಳಿಕೆಯಂತೂ ಬೇಡವೇ ಬೇಡ. ಭಾನುವಾರದ ಪುರವಣಿಯಲ್ಲಿ ಎಂದು ಗೊತ್ತಾದ ಮೇಲೆ ಒಪ್ಪಿಕೊಂಡರು. ಈಗ ಚೀಲ ಹೆಗಲಿಗೇರಿಸಿ ಹೊರಟವರು ಬಾಗಿಲಲ್ಲಿ ಹಿಂತಿರುಗಿ ನಿಲ್ಲುತ್ತಾರೆ.

“ಬೀಗ ಇದೆ ಅಂದೆ, ಮಿಕ್ಕಿದ್ದು ಹೇಳೋಕಾಗ್ಲಿಲ್ಲ” ಎನ್ನುತ್ತಾರೆ. “ನೀವು ಬೇರೆ ಏನು ಬರೀತೀರೋ ಬಿಡ್ತೀರೋ, ಇದೊಂದು ಬರೀರಿ. ತುಕ್ಕು ಹಿಡಿದಿಲ್ಲ ಅಂತ.”